ಪಹಣಿಯಲ್ಲಿ ಇಲ್ಲದ ಏಳು ಎಕರೆ: ಒಂದು ಕೆರೆ ನಕ್ಷೆಯ ದುರಸ್ತಿ

ಹೊಳಲ್ಕೆರೆ ತಾಲ್ಲೂಕಿನ ಒಂದು ಕೆರೆ ಸಂಘದವರು ತಮ್ಮ ಸುತ್ತಲಿನ ಕೆರೆಗಳ ನಕ್ಷೆಯನ್ನು ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಕೆರೆಯ ಮೇಲೆ ಬೆರಳಿಟ್ಟರೆ ಹೆಸರು, ಏರಿಯ ಉದ್ದ, ತೂಬುಗಳು, ವಿಸ್ತೀರ್ಣ ಎಲ್ಲವೂ ಒಂದು ಪೆಟ್ಟಿಗೆಯಲ್ಲಿ ಮೂಡುತ್ತವೆ. ಬೇರೆ ಯಾರೋ ಮಾಡಿಕೊಟ್ಟಿದ್ದ ಆ ನಕ್ಷೆ ನನ್ನ ಕೈಗೆ ಬಂದದ್ದು ಒಂದು ತಕರಾರಿನ ಜೊತೆಗೆ. ಪ್ರತಿಯೊಂದು ಕೆರೆಯ ವಿಸ್ತೀರ್ಣವೂ ಪಹಣಿಯಲ್ಲಿ ಇರುವುದಕ್ಕಿಂತ ಹೆಚ್ಚು. ನೂರು ಎಕರೆಯ ಕೆರೆ ಇಲ್ಲಿ ನೂರಾ ಏಳು ಎಕರೆ.

ಸಂಘದ ಅಧ್ಯಕ್ಷರು ಹಿರಿಯರು, ಅಳತೆಯ ವ್ಯವಹಾರ ಬಲ್ಲವರು. “ಈ ಏಳು ಎಕರೆ ಯಾರ ಹೊಲದಿಂದ ಬಂತು ಮೇಷ್ಟ್ರೇ? ನಾಳೆ ಒತ್ತುವರಿ ಅಳೆಯಲು ಬಂದವರು ಇದನ್ನೇ ಹಿಡಿದುಕೊಂಡರೆ ಕೆರೆ ಅಂಚಿನ ರೈತ ಏನು ಹೇಳಬೇಕು?” ಎಂದು ಕೇಳಿದರು. ಆ ಪ್ರಶ್ನೆಯ ತೂಕ ನನಗೆ ಅರ್ಥವಾಯಿತು. ನಮ್ಮ ಸೀಮೆಯಲ್ಲಿ ಕೆರೆ ಅಂಚಿನ ಹೊಲದವರಿಗೆ ಗುಂಟೆಯೂ ಸಣ್ಣ ವಿಷಯವಲ್ಲ. ದುರಸ್ತಿ ಅಲ್ಲಿಂದ ಶುರುವಾಯಿತು.

ಎಲ್ಲ ಕೆರೆಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗಿದ್ದವು. ಅದೇ ಮೊದಲ ಸುಳಿವು. ಗಡಿ ಎಳೆಯುವಾಗ ಕೈ ತಪ್ಪಿದ್ದರೆ ಒಂದು ಕೆರೆ ಹೆಚ್ಚಾಗಿ, ಇನ್ನೊಂದು ಕಡಿಮೆಯಾಗಿ ಬರಬೇಕಿತ್ತು. ಆದರೂ ಖಾತ್ರಿಗಾಗಿ ಏರಿಯ ಎರಡು ತುದಿ, ಕೋಡಿಯ ಕಲ್ಲುಕಟ್ಟೆ, ತೂಬಿನ ಬಾಯಿ ಇವುಗಳ ಜಿಪಿಎಸ್ ಬಿಂದುಗಳನ್ನು ತೆಗೆದು ನಕ್ಷೆಯ ಗೆರೆಯೊಂದಿಗೆ ಹೋಲಿಸಿದೆ. ಗೆರೆ ಇರಬೇಕಾದ ಕಡೆಯೇ ಇತ್ತು. ಹಾಗಾದರೆ ಜಾಗ ತಪ್ಪಿಲ್ಲ, ಲೆಕ್ಕ ತಪ್ಪಿದೆ. ಪುಟದ ಒಳಗೆ ಇಣುಕಿದಾಗ ಕಾರಣ ಸಿಕ್ಕಿತು. ನಕ್ಷೆಯನ್ನು ಓಪನ್‌ಲೇಯರ್ಸ್ ಎಂಬ, ಜಾಲನಕ್ಷೆ ಕಟ್ಟುವ ಸಿದ್ಧ ಕೋಡ್‌ನ ಲೈಬ್ರರಿಯಿಂದ ಕಟ್ಟಲಾಗಿತ್ತು. ವಿಸ್ತೀರ್ಣವನ್ನು ಪರದೆಯ ಮೇಲಿರುವ ಆಕೃತಿಯಿಂದಲೇ ನೇರವಾಗಿ ಕೇಳಲಾಗಿತ್ತು. ಪರದೆಯ ಮೇಲಿನ ಆಕೃತಿ ಇರುವುದು ವೆಬ್ ಮರ್ಕೇಟರ್ ಪ್ರಕ್ಷೇಪದಲ್ಲಿ. ಪ್ರಕ್ಷೇಪ ಎಂದರೆ ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಕ್ರಮ.

ಗೆರಾರ್ಡಸ್ ಮರ್ಕೇಟರ್ 1569ರಲ್ಲಿ ತನ್ನ ಪ್ರಕ್ಷೇಪವನ್ನು ಪ್ರಕಟಿಸಿದ್ದು ನಾವಿಕರಿಗಾಗಿ. ದಿಕ್ಸೂಚಿಯ ಮುಳ್ಳಿಗೆ ಒಂದೇ ಕೋನದಲ್ಲಿ ಹಡಗು ನಡೆಸಿದರೆ ಆ ದಾರಿ ಅವನ ನಕ್ಷೆಯಲ್ಲಿ ನೇರ ಗೆರೆಯಾಗುತ್ತದೆ. ಸಮಭಾಜಕ ವೃತ್ತದಿಂದ ದೂರ ಹೋದಷ್ಟೂ ನೆಲ ಹಿಗ್ಗುವುದು ಅದಕ್ಕೆ ತೆರುವ ಬೆಲೆ. 2005ರಲ್ಲಿ ಬಂದ ಗೂಗಲ್ ಮ್ಯಾಪ್ಸ್ ಇದರ ಸರಳ ರೂಪವನ್ನು ಜಾಲದ ನಕ್ಷೆಗಳಿಗೆ ರೂಢಿ ಮಾಡಿತು. ಅದಕ್ಕೆ ಒಳ್ಳೆಯ ಕಾರಣಗಳಿದ್ದವು. ಎಲ್ಲಿ ನೋಡಿದರೂ ಉತ್ತರ ಮೇಲಕ್ಕೇ ಇರುತ್ತದೆ. ಬೀದಿಯ ಮೂಲೆ ಮೂಲೆಯ ಹಾಗೆಯೇ ಕಾಣುತ್ತದೆ. ಎರಡೂ ಕಡೆ ಸುಮಾರು 85.05 ಡಿಗ್ರಿ ಅಕ್ಷಾಂಶಕ್ಕೆ ಕತ್ತರಿಸಿದರೆ ಇಡೀ ಲೋಕ ಒಂದು ಚೌಕವಾಗಿ, ಆ ಚೌಕ ನಾಲ್ಕಾಗಿ, ಪ್ರತಿಯೊಂದೂ ಮತ್ತೆ ನಾಲ್ಕಾಗಿ 256 ಪಿಕ್ಸೆಲ್‌ಗಳ ಟೈಲ್‌ಗಳಾಗಿ ಒಡೆಯುತ್ತಾ ಹೋಗುತ್ತದೆ. ದಾರಿ ಹುಡುಕುವವರಿಗೆ ಇದಕ್ಕಿಂತ ಅನುಕೂಲವಾದುದು ಇಲ್ಲ. ಕೆರೆ ಅಳೆಯುವವರ ಕೆಲಸ ಬೇರೆ.

ಮರ್ಕೇಟರ್ ಎಂದ ಕೂಡಲೇ ಎಲ್ಲರೂ ಗ್ರೀನ್‌ಲ್ಯಾಂಡಿನ ಮಾತು ತೆಗೆಯುತ್ತಾರೆ. ಭಾರತದ ವಿಸ್ತೀರ್ಣ ಸುಮಾರು 32.87 ಲಕ್ಷ ಚದರ ಕಿಲೋಮೀಟರ್, ಗ್ರೀನ್‌ಲ್ಯಾಂಡಿನದು ಸುಮಾರು 21.7 ಲಕ್ಷ, ನಕ್ಷೆಯಲ್ಲಿ ಗ್ರೀನ್‌ಲ್ಯಾಂಡೇ ಹಲವು ಪಟ್ಟು ದೊಡ್ಡದಾಗಿ ಕಾಣುತ್ತದೆ. ಇದನ್ನು ಕೇಳಿ ಕೇಳಿ, ಹಿಗ್ಗುವುದು ಧ್ರುವದ ಹತ್ತಿರದ ಸಮಸ್ಯೆ, ನಮಗೆ ಅದರ ಗೊಡವೆ ಇಲ್ಲ ಎಂಬ ಭಾವನೆ ಬೇರೂರಿದೆ. ಹೊಳಲ್ಕೆರೆ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ವೆಬ್ ಮರ್ಕೇಟರ್ ಪೂರ್ವ-ಪಶ್ಚಿಮ ಉದ್ದವನ್ನು ಶೇ 3.1ರಷ್ಟು, ಉತ್ತರ-ದಕ್ಷಿಣ ಉದ್ದವನ್ನು ಶೇ 3.7ರಷ್ಟು ಹಿಗ್ಗಿಸುತ್ತದೆ. ಎರಡೂ ಒಂದೇ ಆಗದಿರುವುದಕ್ಕೆ ಕಾರಣವಿದೆ. ಜಿಪಿಎಸ್ ಕೊಡುವ ಅಕ್ಷಾಂಶ ಧ್ರುವಗಳಲ್ಲಿ ಚಪ್ಪಟೆಯಾದ ಭೂಮಿಯದು; ವೆಬ್ ಮರ್ಕೇಟರ್ ಅದನ್ನು ಪೂರ್ಣ ಗೋಳದ ಸೂತ್ರಕ್ಕೆ ಹಾಕುತ್ತದೆ. ಎರಡನ್ನೂ ಗುಣಿಸಿದರೆ ವಿಸ್ತೀರ್ಣ ಶೇ 6.9ರಷ್ಟು ಹೆಚ್ಚು. ನೂರಕ್ಕೆ ಏಳು. ಅಧ್ಯಕ್ಷರು ಕೇಳಿದ ಏಳು ಎಕರೆ ಬಂದದ್ದು ಇಲ್ಲಿಂದ, ಯಾರ ಹೊಲದಿಂದಲೂ ಅಲ್ಲ.

ಸುಲಭದ ದುರಸ್ತಿ ಒಂದಿದೆ. ಓಪನ್‌ಲೇಯರ್ಸ್‌ನಲ್ಲಿಯೇ ಗೋಳದ ಮೇಲೆ ವಿಸ್ತೀರ್ಣ ಲೆಕ್ಕ ಹಾಕುವ ಪ್ರತ್ಯೇಕ ವಿಧಾನವಿದೆ. ಆಕೃತಿಯನ್ನು ಕೇಳುವ ಬದಲು ಅದನ್ನು ಕೇಳಿದರೆ ಆಯಿತು, ಒಂದೇ ಸಾಲಿನ ಬದಲಾವಣೆ. ಅದನ್ನು ಮಾಡಿ ನೋಡಿದೆ. ಏಳು ಎಕರೆಯ ಹೆಚ್ಚುವರಿ ಹದಿನೈದು ಗುಂಟೆಗೆ ಇಳಿಯಿತು. ಉಳಿದ ಹದಿನೈದು ಗುಂಟೆಗೆ ಕಾರಣ, ಈ ವಿಧಾನವೂ ಭೂಮಿಯನ್ನು 6,371 ಕಿಲೋಮೀಟರ್ ತ್ರಿಜ್ಯದ ಪೂರ್ಣ ಗೋಳವೆಂದೇ ತಿಳಿಯುವುದು. ನಮ್ಮ ಅಕ್ಷಾಂಶದಲ್ಲಿ ಅದು ಶೇ 0.37ರಷ್ಟು ಹೆಚ್ಚು ಕೊಡುತ್ತದೆ.

ಬಹಳ ನಕ್ಷೆಗಳಿಗೆ ಇಷ್ಟು ಸಾಕು. ಈ ಸಂಘಕ್ಕೆ ಸಾಲುತ್ತಿರಲಿಲ್ಲ. ನಕ್ಷೆಯನ್ನು ಹಾಳೆಯ ಮೇಲೆ ಮುದ್ರಿಸಿ ಕೆರೆ ಅಂಗಳಕ್ಕೆ ಒಯ್ದು, ಸ್ಕೇಲ್ ಇಟ್ಟು ಅಳೆದು, ಟೇಪ್ ಹಿಡಿದು ನೆಲದ ಮೇಲೆ ಹೋಲಿಸುವ ಕೆಲಸ ಅವರಿಗಿತ್ತು. ಜೊತೆಗೆ ಉಪಗ್ರಹ ಚಿತ್ರದಿಂದ ನೀರು ನಿಂತ ಜಾಗವನ್ನು ತಿಂಗಳು ತಿಂಗಳಿಗೆ ಎಣಿಸುವ ಆಸೆಯೂ ಇತ್ತು. ಪೆಟ್ಟಿಗೆಯೊಳಗಿನ ಸಂಖ್ಯೆಯನ್ನು ಮಾತ್ರ ತಿದ್ದಿದರೆ ಈ ಎರಡೂ ಕೆಲಸ ಆಗುವುದಿಲ್ಲ. ನಕ್ಷೆಯ ಪ್ರಕ್ಷೇಪವನ್ನೇ ಬದಲಿಸಬೇಕು ಎಂದು ನಿರ್ಧರಿಸಿದೆ.

ಆರಿಸಿಕೊಂಡದ್ದು ಯುಟಿಎಂ, ಅಂದರೆ ಭೂಮಿಯನ್ನು ಆರಾರು ಡಿಗ್ರಿ ರೇಖಾಂಶದ ವಲಯಗಳಾಗಿ ಸೀಳಿ ಪ್ರತಿಯೊಂದನ್ನೂ ಮೀಟರಿನಲ್ಲಿ ಅಳೆಯುವ ಪ್ರಕ್ಷೇಪ; ಅದರಲ್ಲಿ ವಲಯ 43 ಉತ್ತರ. ಪ್ರಕ್ಷೇಪಗಳಿಗೆ ಸಂಖ್ಯೆ ಕೊಡುವ ಇಪಿಎಸ್‌ಜಿ ಪಟ್ಟಿಯಲ್ಲಿ ಅದರ ಸಂಖ್ಯೆ 32643. ಈ ವಲಯ 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗೆ ಹರಡಿದೆ, ಮಧ್ಯ ರೇಖಾಂಶ 75. ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳು ಇದರೊಳಗೆ ಪೂರ್ತಿಯಾಗಿ ಕೂರುತ್ತವೆ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಸರ್ವೆ ಆಫ್ ಇಂಡಿಯಾ ಸಾರ್ವಜನಿಕರಿಗೆ ಕೊಡುವ ನಕ್ಷೆಗಳೂ ಜಿಪಿಎಸ್ ಬಳಸುವ ಭೂಮಾದರಿಯಾದ ಡಬ್ಲ್ಯುಜಿಎಸ್ 84 ಆಧಾರದ ಯುಟಿಎಂನಲ್ಲೇ ಇವೆ. ಹಾಗಾಗಿ ಪಕ್ಕದಲ್ಲಿಟ್ಟು ಹೋಲಿಸಲು ತೊಡಕಿಲ್ಲ.

ಯುಟಿಎಂ ಕೂಡ ಉದ್ದವನ್ನು ಸ್ವಲ್ಪ ಬದಲಿಸುತ್ತದೆ, ಆದರೆ ಅಳತೆಯಲ್ಲಿ. ಮಧ್ಯ ರೇಖಾಂಶದ ಮೇಲೆ ಒಂದು ಕಿಲೋಮೀಟರ್‌ಗೆ 40 ಸೆಂಟಿಮೀಟರ್ ಕುಗ್ಗುತ್ತದೆ. ಅಲ್ಲಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಸುಮಾರು 180 ಕಿಲೋಮೀಟರ್ ನಡೆದರೆ ಕುಗ್ಗುವುದು ನಿಂತು ಅಳತೆ ನೆಲದಷ್ಟೇ ಆಗುತ್ತದೆ, ಆಚೆಗೆ ಹಿಗ್ಗಲು ಶುರುವಾಗುತ್ತದೆ. ಆ ತಟಸ್ಥ ಗೆರೆ ಎಲ್ಲಿ ಹಾಯುತ್ತದೆ ಎಂದು ಲೆಕ್ಕ ಹಾಕಿದಾಗ ನನಗೆ ಬಹಳ ಸಂತೋಷವಾಯಿತು. ಅದು ಚಳ್ಳಕೆರೆಯ ಹತ್ತಿರವೇ ಹಾಯುತ್ತದೆ! ಚಳ್ಳಕೆರೆಯ ಬಯಲಿನಲ್ಲಿ ಯುಟಿಎಂನ ಮೀಟರ್ ಮತ್ತು ನೆಲದ ಮೀಟರ್ ಹೆಚ್ಚೂ ಕಡಿಮೆ ಒಂದೇ. ಹೊಳಲ್ಕೆರೆ ಅದಕ್ಕಿಂತ ಪಶ್ಚಿಮಕ್ಕಿದೆ, ಅಲ್ಲಿ ಕಿಲೋಮೀಟರ್‌ಗೆ 20 ಸೆಂಟಿಮೀಟರ್ ಕೊರತೆ. ನೂರು ಎಕರೆಗೆ ಒಂದೂವರೆ ಗುಂಟೆ. ಏಳು ಎಕರೆಯಿಂದ ಒಂದೂವರೆ ಗುಂಟೆಗೆ ಬಂದೆವು.

ಇನ್ನು ಕಟ್ಟುವ ಕೆಲಸ. ಓಪನ್‌ಲೇಯರ್ಸ್‌ಗೆ 32643 ಎಂದರೆ ಏನೆಂದು, ಪ್ರಕ್ಷೇಪ ಬದಲಿಸುವ ಪ್ರೋಜ್4ಜೆಎಸ್ ಲೈಬ್ರರಿಯ ಮೂಲಕ ಹೇಳಿಕೊಡಬೇಕು: ಯುಟಿಎಂ, ವಲಯ 43, ಡಬ್ಲ್ಯುಜಿಎಸ್ 84, ಮೀಟರ್. ನಂತರ ನಕ್ಷೆಯ ನೋಟಕ್ಕೆ ಆ ಪ್ರಕ್ಷೇಪವನ್ನು ಕೊಡಬೇಕು. ಕೆರೆಗಳ ಗಡಿ ಬಿಂದುಗಳಿರುವ ಜಿಯೋಜೇಸನ್ ಕಡತವನ್ನು ಮುಟ್ಟುವ ಅಗತ್ಯವೇ ಇಲ್ಲ. ಆ ಮಾದರಿಯ 2016ರ ನಿಯಮದ ಪ್ರಕಾರ ಅದರಲ್ಲಿ ಯಾವಾಗಲೂ ಡಬ್ಲ್ಯುಜಿಎಸ್ 84ರ ರೇಖಾಂಶ ಮೊದಲು, ಅಕ್ಷಾಂಶ ನಂತರ, ಹಾಗೆಯೇ ಇರಲಿ. ಓದಿಕೊಳ್ಳುವಾಗ ಮೂಲ ಪ್ರಕ್ಷೇಪ ಯಾವುದು, ನೋಟದ ಪ್ರಕ್ಷೇಪ ಯಾವುದು ಎಂದು ಎರಡನ್ನೂ ಹೇಳಿದರೆ ಲೈಬ್ರರಿಯೇ ಬದಲಿಸಿಕೊಳ್ಳುತ್ತದೆ. ನೋಟದ ವ್ಯಾಪ್ತಿಯನ್ನು ಎರಡು ಜಿಲ್ಲೆಗಳಿಗೆ ಬಿಗಿದುಬಿಡಿ. ಯುಟಿಎಂ ತನ್ನ ವಲಯದಿಂದ ಬಹಳ ದೂರ ಹೋದರೆ ವಿಪರೀತವಾಗಿ ಸೊಟ್ಟಗಾಗುತ್ತದೆ. ಯಾರಾದರೂ ನಕ್ಷೆಯನ್ನು ಎಳೆದೆಳೆದು ಆಫ್ರಿಕಾಕ್ಕೆ ಹೋಗಲು ಬಿಡಬಾರದು.

ಹಿನ್ನೆಲೆಯ ಟೈಲ್‌ಗಳೇ ನಿಜವಾದ ತಲೆನೋವು. ಜನರೇ ಸೇರಿ ಕಟ್ಟಿದ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸಿದ್ಧ ಟೈಲ್‌ಗಳು ವೆಬ್ ಮರ್ಕೇಟರ್‌ನಲ್ಲೇ ಬೇಯಿಸಿಟ್ಟ ಚಿತ್ರಗಳು. ಇನ್ನೊಂದು ನಕ್ಷೆ ಲೈಬ್ರರಿಯಾದ ಲೀಫ್‌ಲೆಟ್ ಬಳಸುವವರು ಇದನ್ನು ಗಮನದಲ್ಲಿಡಬೇಕು: ಅದಕ್ಕೆ ಪ್ರೋಜ್4ಲೀಫ್‌ಲೆಟ್ ಜೋಡಿಸಿದರೆ ಗೆರೆ, ಆಕೃತಿಗಳು ಹೊಸ ಪ್ರಕ್ಷೇಪಕ್ಕೆ ಬರುತ್ತವೆ, ಟೈಲ್ ಚಿತ್ರಗಳು ಬರುವುದಿಲ್ಲ, ಆ ಪ್ರಕ್ಷೇಪದಲ್ಲೇ ತಯಾರಾದ ಟೈಲ್‌ಗಳನ್ನು ನೀವು ಒದಗಿಸಬೇಕು. ಓಪನ್‌ಲೇಯರ್ಸ್ ಚಿತ್ರವನ್ನು ಸಣ್ಣ ತ್ರಿಕೋನಗಳಾಗಿ ಕತ್ತರಿಸಿ ಬ್ರೌಸರ್‌ನಲ್ಲೇ ಹೊಸ ಪ್ರಕ್ಷೇಪಕ್ಕೆ ಬಗ್ಗಿಸುತ್ತದೆ. ನಮ್ಮಲ್ಲಿ ಬಗ್ಗುವುದು ತೀರಾ ಕಡಿಮೆ. ಹೊಳಲ್ಕೆರೆಯ ಬಳಿ ಯುಟಿಎಂನ ಮೇಲ್ಮುಖಕ್ಕೂ ನಿಜವಾದ ಉತ್ತರಕ್ಕೂ ಡಿಗ್ರಿಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ ವ್ಯತ್ಯಾಸ, ಒಂದು ಕಿಲೋಮೀಟರ್‌ಗೆ ಐದು ಮೀಟರ್ ಓರೆ. ಆದರೆ ಅಷ್ಟು ಬಗ್ಗಿಸಲೂ ಪ್ರತಿ ಪಿಕ್ಸೆಲನ್ನು ಹೊಸದಾಗಿ ಬೆರೆಸಬೇಕು. ಚಿತ್ರದೊಳಗೆ ಅಚ್ಚಾಗಿರುವ ಊರ ಹೆಸರುಗಳು ಮಸುಕಾಗುತ್ತವೆ, ಕನ್ನಡದ ಒತ್ತಕ್ಷರಗಳು ಮೊದಲು ಕರಗುತ್ತವೆ.

ಟೈಲ್‌ಗಳನ್ನು ತೆಗೆದೇಬಿಟ್ಟೆ. ಒಂದೆರಡು ಜಿಲ್ಲೆಯ ನಕ್ಷೆಗೆ ಲೋಕದ ಟೈಲ್‌ಗಳು ಏಕೆ ಬೇಕು? ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶದಿಂದ ರಸ್ತೆ, ರೈಲು ಹಳಿ, ಹಳ್ಳ, ವೇದಾವತಿ, ತುಂಗಭದ್ರಾ, ಹರಿದ್ರಾ, ತಾಲ್ಲೂಕು ಗಡಿ, ಊರ ಬಿಂದುಗಳನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಬೇರ್ಪಡಿಸಿ, ಗೆರೆಗಳನ್ನು ಸರಳಗೊಳಿಸಿ, ವೆಕ್ಟರ್ ಪದರಗಳಾಗಿ, ಅಂದರೆ ಚಿತ್ರವಲ್ಲದ ಗೆರೆ-ಬಿಂದುಗಳಾಗಿ, ಇಟ್ಟೆ. ಹೆಸರುಗಳನ್ನು ಬ್ರೌಸರ್ ತಾನೇ ಬರೆಯುತ್ತದೆ, ನೋಟೊ ಸಾನ್ಸ್ ಕನ್ನಡ ಅಕ್ಷರಶೈಲಿಯಲ್ಲಿ. ಎಷ್ಟು ಹಿಗ್ಗಿಸಿದರೂ ‘ಮೊಳಕಾಲ್ಮೂರು’ ಗರಿಗರಿಯಾಗಿ ಕಾಣುತ್ತದೆ. ನದಿಯ ಹೆಸರನ್ನು ಮಾತ್ರ ನದಿಯ ಬಳುಕಿನ ಗುಂಟ ಬರೆಸಲಿಲ್ಲ. ಅಕ್ಷರಗಳನ್ನು ಒಂದೊಂದಾಗಿ ತಿರುಗಿಸುವ ಕ್ರಮ ಕನ್ನಡಕ್ಕೆ ಒಗ್ಗುವುದಿಲ್ಲ, ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ಆಗುವ ಅಪಾಯವಿದೆ. ದಂಡೆಯ ಪಕ್ಕದಲ್ಲಿ ಅಡ್ಡಲಾಗಿ ಬರೆಸಿದೆ. ಅಡಿಯಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರಿಗೆ ಸಲ್ಲಬೇಕಾದ ಉಲ್ಲೇಖ ಇದೆ. ದತ್ತಾಂಶ ಬಳಸಿದ ಮೇಲೆ ಅದನ್ನು ಬಿಡುವಂತಿಲ್ಲ.

ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಉಪಗ್ರಹದ ಪದರ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಉಚಿತ. ಮೊದಲನೆಯದು 2015ರಲ್ಲಿ, ಎರಡನೆಯದು 2017ರಲ್ಲಿ ಹಾರಿದವು; ಜೋಡಿಯಾಗಿ ಐದು ದಿನಕ್ಕೊಮ್ಮೆ ಒಂದೇ ಜಾಗವನ್ನು ನೋಡುವಂತೆ ಅವುಗಳ ಯೋಜನೆ. ಈ ಚಿತ್ರಗಳು ನಮಗೆ ತಲುಪುವುದೇ ಯುಟಿಎಂನಲ್ಲಿ! ನಮ್ಮ ಭಾಗದವು ವಲಯ 43ರವು. ಸಾಮಾನ್ಯ ಜಾಲನಕ್ಷೆಗೆ ಹಾಕಬೇಕಾದರೆ ಇವನ್ನು ವೆಬ್ ಮರ್ಕೇಟರ್‌ಗೆ ಬಗ್ಗಿಸಬೇಕು. ಒಂದು ಸೇರಿನಲ್ಲಿ ಅಳೆದಿಟ್ಟ ರಾಗಿಯನ್ನು ಬೇರೆ ಅಳತೆಯ ಪಾತ್ರೆಗೆ ಸುರಿದು ಮತ್ತೆ ಅಳೆದಂತೆ. ನಮ್ಮ ನಕ್ಷೆ ಈಗ ಯುಟಿಎಂನಲ್ಲೇ ಇರುವುದರಿಂದ ಪಿಕ್ಸೆಲ್‌ಗಳು ಇದ್ದ ಹಾಗೆಯೇ ಕೂರುತ್ತವೆ.

ಒಂದು ಪಿಕ್ಸೆಲ್ ಎಷ್ಟು ನೆಲ? ಉಪಗ್ರಹ ಬೆಳಕನ್ನು ಬಣ್ಣದ ಪಟ್ಟಿಗಳಾಗಿ ಬೇರ್ಪಡಿಸಿ ದಾಖಲಿಸುತ್ತದೆ; ಹಸಿರು ಪಟ್ಟಿ ಮತ್ತು ಕಣ್ಣಿಗೆ ಕಾಣದ ಸಮೀಪದ ಅವಗೆಂಪು ಪಟ್ಟಿ ಎರಡರಲ್ಲೂ 10 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮ ಸರ್ವೆಯ ಸರಪಳಿ 33 ಅಡಿ, ಅಂದರೆ 10.06 ಮೀಟರ್, ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಗುಂಟೆ, ಸುಮಾರು 101 ಚದರ ಮೀಟರ್. ಪಿಕ್ಸೆಲ್ 100 ಚದರ ಮೀಟರ್. ಒಂದು ಪಿಕ್ಸೆಲ್ ಎಂದರೆ ಹೆಚ್ಚೂ ಕಡಿಮೆ ಒಂದು ಗುಂಟೆ! ನೀರಿನ ಪಿಕ್ಸೆಲ್‌ಗಳನ್ನು ಎಣಿಸಿ ನಲವತ್ತರಿಂದ ಭಾಗಿಸಿದರೆ ಎಕರೆ. ಅದೇ ಚಿತ್ರವನ್ನು ವೆಬ್ ಮರ್ಕೇಟರ್‌ನಲ್ಲಿ ಹತ್ತು ಮೀಟರ್ ಎಂದು ಬಗ್ಗಿಸಿ ಎಣಿಸಿದರೆ ಪ್ರತಿ ಪಿಕ್ಸೆಲ್ ನೆಲದ ಮೇಲೆ 93.5 ಚದರ ಮೀಟರ್ ಮಾತ್ರ. ಹಳೆಯ ಏಳು ಎಕರೆ ಹಿತ್ತಿಲ ಬಾಗಿಲಿನಿಂದ ಮತ್ತೆ ಒಳಗೆ ಬರುತ್ತಿತ್ತು.

ನೀರನ್ನು ಗುರುತಿಸಲು ಹಸಿರು ಪಟ್ಟಿಯಿಂದ ಅವಗೆಂಪು ಪಟ್ಟಿಯನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸುವ ಸೂಚ್ಯಂಕವಿದೆ, 1996ರಿಂದ ಬಳಕೆಯಲ್ಲಿದೆ. ನೀರು ಅವಗೆಂಪನ್ನು ನುಂಗುವುದರಿಂದ ನೀರಿರುವಲ್ಲಿ ಉತ್ತರ ಸೊನ್ನೆಗಿಂತ ಮೇಲಿರುತ್ತದೆ. ಚಿತ್ರವನ್ನು ತುಂಡು ತುಂಡಾಗಿ ಓದಬಲ್ಲ ಜಿಯೋಟಿಫ್ ಆಗಿ ಇಟ್ಟರೆ ಓಪನ್‌ಲೇಯರ್ಸ್ ಈ ಗಣಿತವನ್ನು ಬ್ರೌಸರ್‌ನಲ್ಲೇ ಮಾಡುತ್ತದೆ. ಎಷ್ಟಕ್ಕಿಂತ ಮೇಲಿದ್ದರೆ ನೀರು ಎಂಬ ಮಿತಿಯನ್ನು ಎಳೆದು ಬದಲಿಸಲು ಪರದೆಯ ಮೇಲೆ ಒಂದು ಜಾರುಗುಂಡಿ ಇಟ್ಟಿದ್ದೇನೆ. ಪಿಕ್ಸೆಲ್‌ಗಳನ್ನು ನಯಗೊಳಿಸುವ ಆಯ್ಕೆಯನ್ನು ತೆಗೆದುಹಾಕಿದ್ದೇನೆ, ಚೌಕಗಳು ಚೌಕಗಳಾಗಿಯೇ ಕಾಣಲಿ. ಸಂಘದವರಿಗೆ ಒಂದು ಮಾತನ್ನು ಒತ್ತಿ ಹೇಳಿದ್ದೇನೆ. ಇದು ಆ ದಿನದ ನೀರಿನ ಲೆಕ್ಕ, ಕೆರೆಯ ಗಡಿಯ ಲೆಕ್ಕವಲ್ಲ. ಅಂಗಳದಲ್ಲಿ ಜಾಲಿ ಬೆಳೆದಿದ್ದರೆ, ನೀರಿನ ಮೇಲೆ ಕಳೆ ಹಬ್ಬಿದ್ದರೆ ಅಲ್ಲಿ ನೀರಿದ್ದರೂ ಸೂಚ್ಯಂಕಕ್ಕೆ ಕಾಣುವುದಿಲ್ಲ. ದಡದ ಪಿಕ್ಸೆಲ್‌ಗಳು ಅರ್ಧ ಕೆಸರು, ಅರ್ಧ ನೀರು. ಸಣ್ಣ ಗೋಕಟ್ಟೆಗಳಿಗೆ ಈ ವಿಧಾನ ಬೇಡ. ಹಿರಿಯೂರಿನ ವಾಣಿವಿಲಾಸ ಸಾಗರದಂತಹ ದೊಡ್ಡ ಹರವಿನಲ್ಲಿ ಮಾತ್ರ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಮಾರಿಕಣಿವೆ ಎಂದೂ ಕರೆಯುವ ಈ ಜಲಾಶಯ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ವರ್ಷದ ಚಿತ್ರವನ್ನೂ ಹಿಂದಿನ ವರ್ಷಗಳ ಚಿತ್ರವನ್ನೂ ಒಂದರ ಮೇಲೊಂದು ಇಟ್ಟು ನೋಡುವುದು ಈ ಜಿಲ್ಲೆಯವರಿಗೆ ಬೇರೆಯೇ ಅನುಭವ.

ಮುದ್ರಣಕ್ಕೆ ಬೇಗ ಬರುತ್ತೇನೆ. 1:4000 ಪ್ರಮಾಣ, ಎ3 ಹಾಳೆ, ಅಂಗುಲಕ್ಕೆ 150 ಬಿಂದು. ಹಾಗಿದ್ದರೆ ಒಂದು ಪಿಕ್ಸೆಲ್ 0.677 ಮೀಟರ್, ಆ ಸಂಖ್ಯೆಯನ್ನು ನೋಟಕ್ಕೆ ಕೊಟ್ಟು ಚಿತ್ರವನ್ನು ಹೊರತೆಗೆಯಬೇಕು. 100 ಮೀಟರ್‌ಗೆ ಒಂದರಂತೆ ತೆಳುವಾದ ಚೌಕಗೆರೆ ಹಾಕಿದೆ. ಹಾಳೆಯ ಮೇಲೆ ಪ್ರತಿ ಚೌಕ ಎರಡೂವರೆ ಸೆಂಟಿಮೀಟರ್, ನೆಲದ ಮೇಲೆ ಒಂದು ಹೆಕ್ಟೇರ್. ಮುದ್ರಿಸುವಾಗ ಹಾಳೆಗೆ ತಕ್ಕಂತೆ ಹೊಂದಿಸುವ ಆಯ್ಕೆಯನ್ನು ತೆಗೆದು ನೂರಕ್ಕೆ ನೂರು ಎಂದು ಇಡದಿದ್ದರೆ ಇಷ್ಟು ಮಾಡಿದ್ದೆಲ್ಲ ವ್ಯರ್ಥ. ಅಂಗಡಿಯವರಿಗೆ ಇದನ್ನು ಎದುರು ನಿಂತೇ ಹೇಳಿ, ಬಂದ ಹಾಳೆಯ ಮೇಲೆ ಅಲ್ಲೇ ಉಕ್ಕಿನ ಸ್ಕೇಲ್ ಇಟ್ಟು ಹತ್ತು ಚೌಕ 25 ಸೆಂಟಿಮೀಟರ್ ಆಗಿದೆಯೇ ನೋಡಿಕೊಳ್ಳಿ.

ಈ ಕೆಲಸ ಕೇಳಿಸಿಕೊಂಡ ಚಿತ್ರದುರ್ಗದ ಪ್ರೌಢಶಾಲೆಯೊಂದರ ಭೂಗೋಳ ಶಿಕ್ಷಕರು ಮಕ್ಕಳಿಗಾಗಿ ಬೇರೆ ನಕ್ಷೆ ಕೇಳಿದರು: ದುರ್ಗವೇ ನಡುವಿನಲ್ಲಿರುವ ಲೋಕ. ಇದಕ್ಕೆ ಯುಟಿಎಂ ಸಲ್ಲದು. ಸಮದೂರ ದಿಗಂಶ ಪ್ರಕ್ಷೇಪ ಬೇಕು. ನಡುವಿನ ಬಿಂದುವಿನಿಂದ ಎಲ್ಲ ಊರಿಗೂ ದೂರವೂ ದಿಕ್ಕೂ ಸರಿಯಾಗಿರುವ ದುಂಡು ನಕ್ಷೆ. ಬ್ರೌಸರ್‌ನಲ್ಲಿ ಚಿತ್ರ ಬರೆಯುವ ಡಿ3 ಲೈಬ್ರರಿಯಲ್ಲಿ ಇದು ಸಿದ್ಧವಾಗಿದೆ, ಗೋಳವನ್ನು ಋಣ 76.4, ಋಣ 14.23 ಡಿಗ್ರಿ ತಿರುಗಿಸಿದರೆ ಚಿತ್ರದುರ್ಗ ನಡುವಿಗೆ ಬರುತ್ತದೆ. ಅಂಚಿನಲ್ಲಿ ಇಪ್ಪತ್ತು ಸಾವಿರ ಕಿಲೋಮೀಟರ್ ದೂರದ ಪೆಸಿಫಿಕ್ ಸಾಗರ ಬಳೆಯಾಗಿ ಹರಡುತ್ತದೆ. ಚಿತ್ರದುರ್ಗದ ನೇರ ಬೆನ್ನಿಗಿರುವ ಬಿಂದು ಪೆರುವಿನ ಪಶ್ಚಿಮಕ್ಕೆ ನೀರಿನಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 13,900 ಕಿಲೋಮೀಟರ್, ದಿಕ್ಕು ಉತ್ತರದಿಂದ 18 ಡಿಗ್ರಿ ಪೂರ್ವಕ್ಕೆ. ವಿಮಾನ ಏಕೆ ಧ್ರುವದ ಕಡೆ ಹಾರುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ. ಮೆಕ್ಕಾ ಪಶ್ಚಿಮದಿಂದ 17 ಡಿಗ್ರಿ ಉತ್ತರಕ್ಕೆ, ಸುಮಾರು 3,940 ಕಿಲೋಮೀಟರ್. ಮರ್ಕೇಟರ್ ನಕ್ಷೆಯ ಮೇಲೆ ಸ್ಕೇಲ್ ಇಟ್ಟರೆ 12 ಡಿಗ್ರಿ ಬರುತ್ತದೆ. ನಮಾಜಿನ ದಿಕ್ಕು ನೋಡುವ ಮನೆಯ ಮಕ್ಕಳಿಗೆ ಐದು ಡಿಗ್ರಿಯ ಈ ಅಂತರ ಕೂಡಲೇ ಮನಸ್ಸಿಗೆ ನಾಟಿತು.

ಡಿ3 ಬಳಸುವವರಿಗೆ ಎರಡು ಎಚ್ಚರಿಕೆ. ಜಿಯೋಜೇಸನ್ ನಿಯಮದಂತೆ ಆಕೃತಿಯ ಹೊರಗಡಿ ಅಪ್ರದಕ್ಷಿಣವಾಗಿ ಸುತ್ತಬೇಕು. ಡಿ3 ಗೋಳದ ಮೇಲೆ ಯೋಚಿಸುತ್ತದೆ, ಅದಕ್ಕೆ ಹೊರಗಡಿ ಪ್ರದಕ್ಷಿಣವಾಗಿರಬೇಕು. ತಿರುಗಿಸದೆ ಕೊಟ್ಟರೆ ಒಂದು ಪುಟ್ಟ ದ್ವೀಪ ತನ್ನನ್ನು ಬಿಟ್ಟು ಮಿಕ್ಕ ಭೂಮಿಯನ್ನೆಲ್ಲ ಬಣ್ಣದಿಂದ ತುಂಬಿಬಿಡುತ್ತದೆ. ಪರದೆ ಪೂರ್ತಿ ಒಂದೇ ಬಣ್ಣವಾದರೆ ಮೊದಲು ಇದನ್ನು ನೋಡಿ. ಎರಡನೆಯದು, ಲೋಕನಕ್ಷೆಯ ಉಚಿತ ದತ್ತಾಂಶ ಕೊಡುವ ನ್ಯಾಚುರಲ್ ಅರ್ಥ್‌ನ ದೇಶಗಳ ಕಡತದಲ್ಲಿ ಭಾರತದ ಗಡಿ ನಮ್ಮ ಅಧಿಕೃತ ಗಡಿಯಂತಿಲ್ಲ. ಭಾರತದ ದೃಷ್ಟಿಯ ಗಡಿಯಿರುವ ಪ್ರತ್ಯೇಕ ಕಡತವನ್ನು ಅವರು ಕೊಡುತ್ತಾರೆ, ಶಾಲೆಗೆ ಅದನ್ನೇ ಬಳಸಬೇಕು, ಇಲ್ಲವೇ ನೆಲ-ನೀರಿನ ಗೆರೆ ಮಾತ್ರ ಸಾಕು. ನಾನು ಎರಡನೆಯದನ್ನು ಆರಿಸಿಕೊಂಡೆ. ಪಕ್ಕದಲ್ಲೇ ಒಂದು ಗುಂಡಿ ಒತ್ತಿದರೆ ಅದೇ ಲೋಕ ಈಕ್ವಲ್ ಅರ್ಥ್ ಪ್ರಕ್ಷೇಪಕ್ಕೆ ಬದಲಾಗುತ್ತದೆ, 2018ರಲ್ಲಿ ಪ್ರಕಟವಾದದ್ದು, ವಿಸ್ತೀರ್ಣ ಕಾಪಾಡುವಂಥದು; ಗ್ರೀನ್‌ಲ್ಯಾಂಡ್ ಭಾರತಕ್ಕಿಂತ ಚಿಕ್ಕದಾಗಿ ತನ್ನ ಜಾಗಕ್ಕೆ ಹಿಂದಿರುಗುತ್ತದೆ.

ಈಗ ಕೈಯಲ್ಲಿರುವುದು ದಾವಣಗೆರೆ ಜಿಲ್ಲೆಯ ಕೆಲಸ, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ. ಅದು ಮಧ್ಯ ರೇಖಾಂಶಕ್ಕೆ ಇನ್ನೂ ಹತ್ತಿರ. ಯುಟಿಎಂನಲ್ಲಿ ವಿಸ್ತೀರ್ಣ ಶೇ 0.057ರಷ್ಟು ಕಡಿಮೆ ಬರುತ್ತದೆ. ಹಳ್ಳಿಯ ಕೆರೆಗೆ ಇದು ಗಣನೆಗೆ ಬಾರದು, ಆದರೆ ಸಾವಿರ ಎಕರೆಗೆ 23 ಗುಂಟೆಯಂತೆ ಕೂಡುತ್ತಾ ಹೋದರೆ ಅಷ್ಟು ದೊಡ್ಡ ಕೆರೆಯಲ್ಲಿ ಎಕರೆಗಳಾಗುತ್ತವೆ. ಆದ್ದರಿಂದ ನೋಟವನ್ನು ಯುಟಿಎಂನಲ್ಲೇ ಉಳಿಸಿ, ಪೆಟ್ಟಿಗೆಯಲ್ಲಿ ಮೂಡುವ ಸಂಖ್ಯೆಗೆ ಮಾತ್ರ ಕೆರೆಯ ನಡುವನ್ನೇ ಕೇಂದ್ರವಾಗಿಟ್ಟ ಲ್ಯಾಂಬರ್ಟ್‌ನ ಸಮವಿಸ್ತೀರ್ಣ ಪ್ರಕ್ಷೇಪವನ್ನು ಬಳಸುತ್ತಿದ್ದೇನೆ. ಪ್ರೋಜ್4ಜೆಎಸ್‌ಗೆ ಕೆರೆಯ ಅಕ್ಷಾಂಶ, ರೇಖಾಂಶ ಕೊಟ್ಟರೆ ಆ ಪ್ರಕ್ಷೇಪ ಅಲ್ಲೇ ಹುಟ್ಟುತ್ತದೆ. ಗಡಿಯನ್ನು ಒಂದು ಕ್ಷಣ ಅದಕ್ಕೆ ಬದಲಿಸಿ, ವಿಸ್ತೀರ್ಣ ತೆಗೆದುಕೊಂಡು, ಬಿಟ್ಟುಬಿಡುವುದು. ಹೊಳಲ್ಕೆರೆಯ ನಕ್ಷೆಗೂ ಈ ತಿದ್ದುಪಡಿಯನ್ನು ಸೇರಿಸಿದ್ದೇನೆ, ಉಳಿದಿದ್ದ ಒಂದೂವರೆ ಗುಂಟೆಯೂ ಹೋಯಿತು.